ಪಟ್ಟಿಯಲ್ಲಿ ನಿಮ್ಮದಿಲ್ಲವೇ? 'ಇತರೆ' ಒತ್ತಿ ಬರೆದದ್ದು ಎಲ್ಲಿಗೆ ಹೋಗುತ್ತದೆ?

ಆನ್‌ಲೈನ್ ಫಾರ್ಮ್‌ನಲ್ಲಿ ಭಾಷೆ, ಜಾತಿ, ಉದ್ಯೋಗ ಕೇಳುವ ಜಾಗವನ್ನು ಒತ್ತಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಇದೇ ಡ್ರಾಪ್‌ಡೌನ್. ನಮ್ಮದು ಅದರಲ್ಲಿ ಇಲ್ಲದಿದ್ದರೆ? 'ಇತರೆ' ಒತ್ತಿದರೆ ಲೆಕ್ಕಕ್ಕೇ ಸಿಗುವುದಿಲ್ಲ ಎಂಬ ಮಾತಿದೆ. ಎಲ್ಲರಿಗೂ ಅವರವರದ್ದನ್ನು ಬರೆಯಲು ಬಿಟ್ಟರೆ ಸಾಕು ಎಂಬ ಮಾತೂ ಇದೆ. ಎರಡೂ ಪೂರ್ತಿ ನಿಜವಲ್ಲ.

ಬರೆಯಲು ಬಿಟ್ಟಾಗ ಏನಾಯಿತು?

1931ರ ಜನಗಣತಿಯಲ್ಲಿ ದಾಖಲಾದ ಜಾತಿಗಳು 4,147. ಸಿದ್ಧಪಟ್ಟಿಯಿಲ್ಲದೆ ಜನ ಹೇಳಿದ್ದನ್ನು ಹಾಗೇ ಬರೆದುಕೊಂಡ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ 46 ಲಕ್ಷಕ್ಕೂ ಹೆಚ್ಚು ಹೆಸರು ಬಂದವು! ಜಾತಿಗಳೇನೂ ಅಷ್ಟು ಹೆಚ್ಚಿರಲಿಲ್ಲ. ಉಪಜಾತಿ, ಕುಲ, ಮನೆತನದ ಹೆಸರುಗಳೆಲ್ಲ ಸೇರಿದ್ದವು. ಒಂದೇ ಹೆಸರು ಹಲವು ಕಾಗುಣಿತಗಳಲ್ಲಿತ್ತು. ಕಂಪ್ಯೂಟರ್‌ಗೆ ಒಂದಕ್ಷರ ಬದಲಾದರೂ ಅದು ಬೇರೆಯೇ ಹೆಸರು.

ಬರೆದದ್ದು ಆಮೇಲೆ ಏನಾಗುತ್ತದೆ?

2011ರ ಜನಗಣತಿಯಲ್ಲಿ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಶೀಲನೆಯ ನಂತರ ಅವನ್ನು 1,369 ಮಾತೃಭಾಷೆಗಳಾಗಿ ಗುರುತಿಸಲಾಯಿತು. ಇನ್ನೂ 1,474 ಹೆಸರುಗಳು 'ಇತರೆ'ಗೆ ಹೋದವು. ಕೊನೆಗೆ ಪ್ರಕಟವಾದ ಭಾಷೆಗಳು 121. ತುಳು, ಕೊಡವ ಅಲ್ಲಿ ಪ್ರತ್ಯೇಕವಾಗಿವೆ. ಆದರೆ ನೀಲಗಿರಿಯ ಬಡಗ ಮಾತನಾಡುವ ಸುಮಾರು 1.33 ಲಕ್ಷ ಜನ ಕನ್ನಡದ ಗುಂಪಿನೊಳಗೆ ಎಣಿಕೆಯಾದರು.

ಅಂದರೆ 'ಇತರೆ' ಎಂದವರೂ ಜನಸಂಖ್ಯೆಯ ಲೆಕ್ಕದಲ್ಲಿ ಇರುತ್ತಾರೆ. ಆದರೆ ಅವರು ಹೇಳಿದ ಹೆಸರು ಉಳಿಯುತ್ತದೋ, ಇನ್ನೊಂದರೊಳಗೆ ಸೇರುತ್ತದೋ ಎಂಬುದು ಆಮೇಲೆ ವಿಂಗಡಿಸುವವರ ಕೈಯಲ್ಲಿದೆ.

ಒಳ್ಳೆಯ ಫಾರ್ಮ್ ಹೇಗಿರಬೇಕು?

ಎರಡಕ್ಷರ ಟೈಪ್ ಮಾಡುತ್ತಿದ್ದಂತೆ ಹತ್ತಿರದ ಹೆಸರುಗಳನ್ನು ತೋರಿಸಬೇಕು. ಸಿಗದಿದ್ದರೆ ಹೊಸದನ್ನು ಸೇರಿಸಲು ಬಿಡಬೇಕು. ಸೇರಿಸಿದ್ದನ್ನು ತಿದ್ದದೆ ಮೂಲರೂಪದಲ್ಲೇ ಉಳಿಸಿ, ವಿಷಯ ತಿಳಿದವರು ಪರಿಶೀಲಿಸಬೇಕು. ಯಾವುದನ್ನು ಯಾವುದರೊಳಗೆ ಸೇರಿಸಲಾಯಿತು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.

ನಾವೇನು ಮಾಡಬಹುದು?

2027ರ ಜನಗಣತಿ ಡಿಜಿಟಲ್ ಆಗಿ ನಡೆಯಲಿದೆ, ಜಾತಿಯನ್ನೂ ಕೇಳಲಿದೆ. ಪಟ್ಟಿ ಕಂಡರೆ ಮೊದಲು ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿ. ಸಿಗದಿದ್ದರೆ, ಬರೆಯಲು ಅವಕಾಶವಿದ್ದಲ್ಲಿ, ಪೂರ್ತಿ ಹೆಸರು ಕೊಡಿ. ಮನೆಮಂದಿಯೆಲ್ಲ ಒಂದೇ ಕಾಗುಣಿತ ಬಳಸಿ. ಜಾತಿ ಕೇಳಿದಲ್ಲಿ ಮನೆತನದ ಹೆಸರು ಬೇಡ. ಗಣತಿದಾರರು ಬಂದು ತುಂಬಿಸಿಕೊಂಡರೆ, ಏನು ದಾಖಲಾಯಿತು ಎಂದು ಒಮ್ಮೆ ಕೇಳಿ ನೋಡಿ. 'ಇತರೆ ಒತ್ತಿದರೆ ನಿಮ್ಮ ಲೆಕ್ಕವೇ ಹೋಯಿತು' ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.