ಎಂಜಿನ್ ಪವರ್ ಇದ್ರೆ ಸಾಕಾ? ಮಳೆಗಾಲದ ಘಾಟಿಯಲ್ಲಿ ಟೈರ್ ಹಿಡಿತವೇ ಮುಖ್ಯ

ಚಿಕ್ಕಮಗಳೂರು: ಈಗ ದಿನನಿತ್ಯ ಓಡಿಸೋ ಕಾರಲ್ಲೇ ಭರ್ಜರಿ ಪವರ್ ಸಿಗ್ತಿದೆ. ವೆರ್ನಾ ಟರ್ಬೊಗೆ 160 ಪಿಎಸ್, ಎಕ್ಸ್‌ಯುವಿ700 ಪೆಟ್ರೋಲ್‌ಗೆ 200 ಪಿಎಸ್. ಅದೂ ಸಾಲದು ಅಂತ ರೀಮ್ಯಾಪ್ ಮಾಡಿಸೋರೂ ಇದ್ದಾರೆ. ಆದರೆ ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ರಸ್ತೆ ಹಿಡಿಯೋದು ಪ್ರತಿ ಚಕ್ರದಡಿಯ ಅಂಗೈಯಗಲ ರಬ್ಬರ್ ಮಾತ್ರ.

ಈ ಎರಡೂ ಕಾರುಗಳಲ್ಲಿ ಎಂಜಿನ್ ಶಕ್ತಿ ಹೋಗೋದು ಮುಂದಿನ ಚಕ್ರಗಳಿಗೆ. ಏರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಭಾರ ಹಿಂದಕ್ಕೆ ಸರಿಯುತ್ತೆ, ಮುಂದಿನ ಚಕ್ರ ಸುಮ್ಮನೆ ತಿರುಗುತ್ತೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗಬಹುದು. ಟ್ರ್ಯಾಕ್ಷನ್ ಕಂಟ್ರೋಲ್ ಪವರ್ ತಗ್ಗಿಸುತ್ತೆ ಅಷ್ಟೇ, ಇಲ್ಲದ ಹಿಡಿತ ತಂದುಕೊಡಲ್ಲ.

ನಿಯಮದ ಪ್ರಕಾರ ಕಾರಿನ ಟೈರ್ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಮಲೆನಾಡಿನ ಮಳೆಗೆ ಅದು ಸಾಲದು, ನೀರು ಹೊರಹೋಗಲು ಇನ್ನೂ ಆಳ ಬೇಕು. 3 ಮಿ.ಮೀ.ಗೆ ಇಳಿದಾಗಲೇ ಬದಲಿಸೋದು ಒಳ್ಳೇದು. ಹಿಡಿತ ಹೆಚ್ಚುತ್ತೆ ಅಂತ ಗಾಳಿ ಇಳಿಸೋದೂ ತಪ್ಪು. ಡ್ರೈವರ್ ಬಾಗಿಲ ಹತ್ತಿರ ಬರೆದಷ್ಟೇ ಇರಲಿ. ಟೈರ್ ಹಳೇದಾದರೆ ರಬ್ಬರ್ ಗಟ್ಟಿಯಾಗುತ್ತೆ. ಪಕ್ಕದ ಕೋಡ್ 2321 ಅಂದ್ರೆ 2021ರ 23ನೇ ವಾರ ತಯಾರಾದದ್ದು.

ರೀಮ್ಯಾಪ್‌ಗೆ ಎತ್ತಿಟ್ಟ ದುಡ್ಡು ಮೊದಲು ನಾಲ್ಕು ಒಳ್ಳೆ ಟೈರ್‌ಗೆ ಹೋಗಲಿ. ಘಾಟಿ ಹತ್ತೋ ಮುಂಚೆ ತಪಾಸಣೆ ಮಾಡೋ ಪೊಲೀಸರೂ ಕಾಗದಪತ್ರದ ಜೊತೆ ಟೈರ್ ಕಡೆ ಒಮ್ಮೆ ಬಗ್ಗಿ ನೋಡಲಿ. ಎದುರಿಂದ ಬರೋ ಬಸ್ಸಲ್ಲಿ ನಮ್ಮೂರವರೇ ಇರ್ತಾರೆ.