ಹೊಯಿಗೆಯಲ್ಲಿ ತಿದ್ದಿದ ಬೆರಳಿಗೆ ಹೊಸ ಪಾಠ ಯಾಕೆ?

ಅಮ್ಮನಿಗೆ ಈಗ 78. ಓದಿದ್ದು ನಾಲ್ಕನೇ ಕ್ಲಾಸು. ಕಳೆದ ಮಳೆಗಾಲದಲ್ಲಿ ಮಗಳು ತನ್ನ ಹಳೆಯ ಮೊಬೈಲನ್ನು ಅಜ್ಜಿಗೆ ಕೊಟ್ಟಳು. ಕೀಲಿಮಣೆಯಲ್ಲಿ ಅಕ್ಷರ ಹುಡುಕಿ, ಒತ್ತಕ್ಷರ ಎಲ್ಲಿಂದ ತರುವುದೆಂದು ತಿಳಿಯದೆ ಅಮ್ಮ ಎರಡೇ ದಿನದಲ್ಲಿ ಅದನ್ನು ಮೂಲೆಗಿಟ್ಟರು.

ಆಮೇಲೆ ಮಗಳು ಕೈಬರಹದ ಸೌಕರ್ಯ ಹಾಕಿಕೊಟ್ಟಳು. ಗಾಜಿನ ಮೇಲೆ ಬೆರಳಲ್ಲಿ ಬರೆದರೆ ಸಾಕು, ಅಚ್ಚಿನ ಅಕ್ಷರವಾಗುತ್ತದೆ. ಗೂಗಲ್ ಕಂಪೆನಿ 2015ರಲ್ಲೇ ಇದನ್ನು ಕನ್ನಡವೂ ಸೇರಿ 80ಕ್ಕೂ ಹೆಚ್ಚು ಭಾಷೆಗಳಿಗೆ ಕೊಟ್ಟಿತ್ತು. ಅಮ್ಮ ಆ ದಿನವೇ ಚಿಕ್ಕಮ್ಮನಿಗೆ ‘ಮಳೆ ಬಿಟ್ಟಿತಾ?’ ಎಂದು ಬರೆದು ಕಳಿಸಿದರು. “ಇದು ನಾವು ಹೊಯಿಗೆಯಲ್ಲಿ ತಿದ್ದಿದ ಹಾಗೇ ಅಲ್ವಾ ಮಾರಾಯಾ” ಅಂದರು.

ಎಪ್ಪತ್ತು ವರ್ಷದ ಹಿಂದೆ ಬೆರಳು ಕಲಿತದ್ದು ಈಗ ಕೆಲಸಕ್ಕೆ ಬಂತು!

ನಾನು ಮೊದಲ ಸಲ ಕಂಪ್ಯೂಟರಿನ ಎದುರು ಕೂತಾಗ ಮೌಸ್ ಹಿಡಿದು ಬೆವರಿದ್ದೆ. ಕೈ ಮೇಜಿನ ಮೇಲೆ ಮುಂದಕ್ಕೆ ಹೋದರೆ ಬಾಣ ಪರದೆಯಲ್ಲಿ ಮೇಲಕ್ಕೆ ಹೋಗುತ್ತದೆ. ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ. 2007ರಲ್ಲಿ ಆ್ಯಪಲ್ ಕಂಪೆನಿಯ ಐಫೋನ್ ಬಂದ ಮೇಲೆ ಮುಟ್ಟುವ ಪರದೆ ಎಲ್ಲೆಡೆ ಹಬ್ಬಿತು. ಫೋಟೋಗಳ ಸಾಲನ್ನು ಬೆರಳಲ್ಲಿ ತಳ್ಳಿ ಬಿಟ್ಟರೆ, ಅಂಗಳದಲ್ಲಿ ಉರುಳಿಸಿದ ತೆಂಗಿನಕಾಯಿಯ ಹಾಗೆ ಸ್ವಲ್ಪ ದೂರ ಓಡಿ ನಿಧಾನಕ್ಕೆ ನಿಲ್ಲುತ್ತದೆ. ತಳ್ಳುವುದು, ಎಳೆಯುವುದು, ಎರಡು ಬೆರಳಲ್ಲಿ ಅಗಲಿಸುವುದು ಕೈಗೆ ಮೊದಲೇ ಗೊತ್ತು. ಅದಕ್ಕೇ ಮಕ್ಕಳಿಗೂ ಅಜ್ಜಿಯರಿಗೂ ಬೇಗ ಒಗ್ಗುತ್ತದೆ.

ಆದರೆ ಎಲ್ಲವೂ ಹೀಗಿಲ್ಲ. ಕಳೆದ ವರ್ಷ ಕೃಷಿಕರಿಗೆಂದೇ ಮಾಡಿದ ಒಂದು ಆ್ಯಪ್‌ನಲ್ಲಿ ಅರ್ಜಿ ತುಂಬಿಸಲು ಹೊರಟೆ. ಸರ್ವೆ ನಂಬರು ಸರಿಯಾ ಅಂತ ನೋಡಲು ಹಿಂದಿನ ಪುಟಕ್ಕೆ ಹೋದರೆ ಬರೆದದ್ದೆಲ್ಲ ಮಾಯ. ಕಾಗದದ ಹಾಳೆ ಮಗುಚಿದರೆ ಬರೆದದ್ದು ಅಳಿಸಿಹೋಗುತ್ತದೆಯೇ? ಇನ್ನೊಂದು ಕಡೆ ಚಿತ್ರವನ್ನು ಒತ್ತಿ ಹಿಡಿದು ಕಾದರೆ ಮಾತ್ರ ಅದನ್ನು ತೆಗೆಯುವ ದಾರಿ ಕಾಣುವುದಂತೆ. ಅಲ್ಲಿ ಹಾಗೆಂದು ಒಂದು ಗುರುತೂ ಇಲ್ಲ. ಮೂರು ಸಲ ಸೋತು, ಪೇಟೆಯ ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಮಾಡಿಸಿಕೊಂಡೆ. ಒಂದು ದಿನದ ಕೆಲಸವೂ ಹಾಳು. ಒಂದೆಕರೆಯವನಿಗೆ ಇದು ಸಣ್ಣ ಖರ್ಚಲ್ಲ.

ಇನ್ನು ನಮ್ಮ ಕೈಯ ವಿಷಯ. ಈಗಿನ ಪರದೆ ಗುರುತಿಸುವುದು ಬೆರಳು ತಾಗಿದಾಗ ವಿದ್ಯುತ್ತಿನಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು. ಹಾಗಾಗಿ ಒದ್ದೆ ಕೈಗೆ, ಜಡ್ಡುಗಟ್ಟಿದ ಒಣ ಬೆರಳಿಗೆ ಅದು ತಡವರಿಸುತ್ತದೆ. ಬಲ ಹಾಕಬೇಡಿ. ಕೈ ಒರಸಿ, ಬೆರಳಿನ ಮೆತ್ತನೆಯ ಭಾಗದಲ್ಲಿ ಮುಟ್ಟಿ ನೋಡಿ.

ಗಾಜಿಗೆ ದಾಟದ ಕೌಶಲವೂ ಇದೆ. ಸುಲಿದ ಚಾಲಿಯಿಂದ ಪಟೋರ, ಕರಿಗೋಟು ಬೇರೆ ಮಾಡುವ ಹೆಂಗಸರ ಕೈಗೆ ತೂಕ ಗೊತ್ತು, ಕಿವಿಗೆ ಸದ್ದು ಗೊತ್ತು. ಫೋಟೋದಲ್ಲಿ ಅವೆರಡೂ ಇಲ್ಲ. ಫೋಟೋ ನೋಡಿ ದರ ಹೇಳುವವರ ಹತ್ತಿರ ಜಾಗ್ರತೆ ಇರಲಿ.

ಆ್ಯಪ್ ಮಾಡುವವರಲ್ಲಿ ನನ್ನ ವಿನಂತಿ ಇಷ್ಟೆ. ಬಿಡುಗಡೆಗೆ ಮೊದಲು ಅದನ್ನು ನಮ್ಮ ಹತ್ತು ಮಂದಿಯ ಕೈಗೆ ಕೊಡಿ. ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿ. ಬೆರಳು ಎಲ್ಲಿ ನಿಂತು ಯೋಚಿಸುತ್ತದೋ ಅಲ್ಲೇ ರಿಪೇರಿ ಬೇಕು.

ನಾವೂ ಅಷ್ಟೆ, ‘ನಮಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ’ ಅನ್ನುವುದನ್ನು ಬಿಡುವ. ಕತ್ತಿಯ ಹಿಡಿ ಕೈಗೆ ಕೂರದಿದ್ದರೆ ನಾವು ಕೆತ್ತುವುದು ಹಿಡಿಯನ್ನು, ಕೈಯನ್ನಲ್ಲ. ಮೊಬೈಲಿಗೂ ಅದೇ ನ್ಯಾಯ. ನಿಮಗೆ ಯಾವುದು ಸುಲಭವಾಯಿತು, ಎಲ್ಲಿ ಸೋತಿರಿ? ಬರೆಯಿರಿ.