ಪಲ್ಪಿಂಗ್ ನೀರಿಗೂ ಲೆಕ್ಕವಿರಲಿ

ಹಣ್ಣಿನ ತೂಕ, ಆಳಿನ ಕೂಲಿ, ಡೀಸೆಲ್ ಖರ್ಚು ಎಲ್ಲವನ್ನೂ ಬರೆದಿಡುವ ನಮ್ಮ ಬೆಳೆಗಾರ ಬಂಧುಗಳಲ್ಲಿ ಪಲ್ಪರಿಗೆ ಬಿಟ್ಟ ನೀರನ್ನು ಬರೆದಿಡುವವರು ವಿರಳ. ಹೊಸ ಯಂತ್ರಕ್ಕೆ ಸಾಲ ಕೇಳುವ ಮೊದಲು ಈ ಲೆಕ್ಕ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಅಳತೆ ಕಷ್ಟವಲ್ಲ. 20 ಲೀಟರಿನ ಬಕೆಟ್ಟನ್ನು ಪೈಪಿಗೆ ಹಿಡಿಯಿರಿ. 20 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 3,600 ಲೀಟರು. 5 ಗಂಟೆಗೆ 18,000. ಅಂದಿನ ಹಣ್ಣು 3,000 ಕಿಲೋ ಆಗಿದ್ದರೆ ಕಿಲೋಗೆ 6 ಲೀಟರು. ತೊಳೆಯುವ ನೀರು ಬೇರೆ! ವಿದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಕೂಡ, ಕಿಲೋ ಬಾರ್ಲಿ ಮಾಲ್ಟ್ ಸುಮಾರು 1 ಲೀಟರು ನೀರನ್ನು ಹೀರಿಕೊಳ್ಳುತ್ತದೆಂದು ಲೆಕ್ಕ ಹಾಕಿ, ಕಾಳು ತೊಳೆಯುವ ನೀರನ್ನು ಮೊದಲೇ ಅಳೆದಿಡುತ್ತಾರೆ.

ಕೊನೆಯ ಬಾರಿ ತೊಳೆದ ನೀರು ಸಾಕಷ್ಟು ತಿಳಿಯಾಗಿರುತ್ತದೆ. ಪಲ್ಪರಿಗೆ ಧಾರಾಳವಾಗಿ ಸಾಕು. ಪಲ್ಪಿಂಗ್ ನೀರನ್ನೂ ಸೋಸಿ ಅದೇ ದಿನ ಮತ್ತೆ ಬಳಸಬಹುದು. ರಾತ್ರಿ ಇಟ್ಟರೆ ಹುಳಿತು ಕಾಫಿಗೆ ವಾಸನೆ ಹಿಡಿದೀತು. ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರೇ ಬೇಕು, ಅಲ್ಲಿ ಜಿಪುಣತನ ಸಲ್ಲದು.

ಲೋಳೆನೀರನ್ನು ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಇಳಿದು ಮೀನು ಸಾಯುತ್ತವೆ. ಕೆಳಗಿನ ಅಡಿಕೆ ತೋಟದವರಿಗೆ ಅದೇ ಹಳ್ಳವೇ ಗತಿ. ಬಳಸುವ ನೀರು ಅರ್ಧವಾದರೆ ಕೊಳೆನೀರಿನ ಹೊಂಡವೂ ಅರ್ಧ ಸಾಕು.

ಈ ಹಂಗಾಮಿನ ನಿಮ್ಮ ಅಳತೆಯನ್ನು ಸಂಘದ ಕಚೇರಿಗೆ ಬರೆದು ಕಳುಹಿಸಿರಿ, ಪ್ರಕಟಿಸುತ್ತೇವೆ.